ಎದುರು ಕೂತವರ ಸರದಿ

ಅರೇಹಳ್ಳಿಯ ಹೋಟೆಲಿನಲ್ಲಿ ಬೆಳಗಿನ ಪೇಪರನ್ನು ಒಬ್ಬರೇ ಓದುವ ಪದ್ಧತಿ ಇಲ್ಲ. ಬಸ್ಸಿನಿಂದ ಕಟ್ಟು ಇಳಿದು ಅರ್ಧ ಗಂಟೆಯಾಗುವುದರೊಳಗೆ ಒಂದೊಂದು ಹಾಳೆ ಒಬ್ಬೊಬ್ಬರ ಕೈಯಲ್ಲಿರುತ್ತದೆ. ಕಾಫಿ, ಮೆಣಸಿನ ಧಾರಣೆ ನೋಡುವವರು ಒಂದು ಕಡೆ, ಕ್ರಿಕೆಟ್ಟಿನವರು ಇನ್ನೊಂದು ಕಡೆ. ಬಿಕ್ಕೋಡು ಕಡೆ ಆನೆ ಯಾವ ತೋಟಕ್ಕೆ ಇಳಿಯಿತು ಅನ್ನುವ ಜಿಲ್ಲಾ ಪುಟಕ್ಕೆ ಮಾತ್ರ ಎಲ್ಲರೂ ಕಾಯಬೇಕು. ತೋಟದ ಸಾಹುಕಾರರು, ರೈಟರು, ಲೈನ್ ಮನೆಯ ಹುಡುಗರು, ನಮಾಜು ಮುಗಿಸಿ ಬಂದವರು, ಭಾನುವಾರವಾದರೆ ಚರ್ಚಿಗೆ ಹೊರಟವರು, ಎಲ್ಲರೂ ಅದೇ ಬೆಂಚಿನ ಮೇಲೆ. ಒಬ್ಬರು ಗಟ್ಟಿಯಾಗಿ ಓದುತ್ತಾರೆ, ಉಳಿದವರು ಕೇಳುತ್ತಾರೆ.

ಇಂಥ ಊರಿನಲ್ಲಿ ಒಬ್ಬನ ಧರ್ಮದ ಬಗ್ಗೆ ಪೇಪರಿನವರು ಏನಾದರೂ ಬರೆದರೆ ಅವನು ಅದನ್ನು ನಾಲ್ಕು ಜನರ ಮಧ್ಯೆ ಕೂತು ಕೇಳಬೇಕಾಗುತ್ತದೆ. ಓದಿದವರೆಲ್ಲ ಒಂದು ಸಲ ಅವನ ಮುಖ ನೋಡುತ್ತಾರೆ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಒಬ್ಬರೇ ಕೂತು ಓದಿ ಮಡಚಿಡುವವರಿಗೆ ಈ ನೋಟದ ಭಾರ ತಿಳಿಯದು. ಮಾತಿನ ಸ್ವಾತಂತ್ರ್ಯ ದೊಡ್ಡದೋ, ಧಾರ್ಮಿಕ ನಂಬಿಕೆಯ ಗೌರವ ದೊಡ್ಡದೋ ಎಂಬ ಚರ್ಚೆ ಎದ್ದಾಗಲೆಲ್ಲ ನನಗೆ ಮೊದಲು ನೆನಪಾಗುವುದು ಈ ಬೆಂಚು.

2010ರ ಫೆಬ್ರುವರಿ 28, ಭಾನುವಾರ. ರೊಬಸ್ಟಾ ಕೊಯ್ಲು ಮುಗಿಯುತ್ತಾ ಬಂದು ಹೂಮಳೆಗಾಗಿ ಆಕಾಶ ನೋಡುವ ಕಾಲ. ಈದ್ ಮಿಲಾದ್ ಆಗಷ್ಟೇ ಕಳೆದಿತ್ತು. ಅವತ್ತಿನ 'ಕನ್ನಡಪ್ರಭ'ದ ಪುರವಣಿಯಲ್ಲಿ ಬುರ್ಖಾ ಕುರಿತ ಒಂದು ಲೇಖನ ಬಂತು, ಬಾಂಗ್ಲಾದೇಶದ ಲೇಖಕಿ ತಸ್ಲೀಮಾ ನಸ್ರೀನ್ ಹೆಸರಿನಲ್ಲಿ. ಮಾರನೆಯ ದಿನ ನಮ್ಮ ಜಿಲ್ಲಾ ಕೇಂದ್ರ ಹಾಸನದಲ್ಲಿ, ಅತ್ತ ಶಿವಮೊಗ್ಗದಲ್ಲಿ ಪ್ರತಿಭಟನೆಯ ಮೆರವಣಿಗೆಗಳು ಹೊರಟವು. ಮೆರವಣಿಗೆ ಕಲ್ಲುತೂರಾಟವಾಯಿತು, ಬೆಂಕಿಯಾಯಿತು, ಲಾಠಿ, ಗೋಲಿ, ಕರ್ಫ್ಯೂ ಎಲ್ಲ ಆಯಿತು. ಆ ಗಲಭೆಯಲ್ಲಿ ಇಬ್ಬರು ಜೀವ ಕಳೆದುಕೊಂಡರು.

ಆಮೇಲೆ ತಸ್ಲೀಮಾ ಅವರೇ ಹೇಳಿಕೆ ಕೊಟ್ಟರು. ಕರ್ನಾಟಕದ ಯಾವ ಪತ್ರಿಕೆಗೂ ತಾನು ಲೇಖನ ಬರೆದುಕೊಟ್ಟಿಲ್ಲ, ಪ್ರವಾದಿಯವರು ಬುರ್ಖಾಕ್ಕೆ ವಿರುದ್ಧವಾಗಿದ್ದರೆಂದು ತನ್ನ ಯಾವ ಬರಹದಲ್ಲೂ ಹೇಳಿಲ್ಲ, ಇದು ತಿರುಚಿದ್ದು, ತನ್ನ ಬರಹವನ್ನು ಗಲಭೆಗೆ ಬಳಸಿಕೊಳ್ಳುವ ಯತ್ನ ಎಂಬ ಅನುಮಾನವಿದೆ ಎಂದರು. ಬುರ್ಖಾ ಬೇಡವೆಂದು ಅವರು ಬರೆದದ್ದು ನಿಜ. ಆದರೆ ಅದು 2007ರ ಜನವರಿಯಲ್ಲಿ, 'ಔಟ್‌ಲುಕ್' ವಾರಪತ್ರಿಕೆಯಲ್ಲಿ. ಮೂರು ವರ್ಷದ ಹಿಂದಿನ ಇಂಗ್ಲಿಷ್ ಬರಹ, ಬರೆದವರ ಗಮನಕ್ಕೇ ಬಾರದೆ, ಹಾಸನ ಶಿವಮೊಗ್ಗದ ಭಾನುವಾರದ ಬೆಳಗಿಗೆ ಬೇರೆ ರೂಪದಲ್ಲಿ ಬಂದು ಕೂತಿತ್ತು.

ನಾನು ಅವತ್ತಿನಿಂದ ಕೇಳಿಕೊಳ್ಳುತ್ತಿರುವುದು ಒಂದೇ: ಅಲ್ಲಿ ಯಾರ ಸ್ವಾತಂತ್ರ್ಯ ಇತ್ತು? ಬರೆದವರು ನನ್ನದಲ್ಲ ಅನ್ನುತ್ತಾರೆ. ನೊಂದವರಿಗೆ ಅದೇ ಪುಟದಲ್ಲಿ ಉತ್ತರ ಹೇಳುವ ಜಾಗ ಇರಲಿಲ್ಲ. ಸತ್ತವರಿಗಂತೂ ಯಾವ ಸ್ವಾತಂತ್ರ್ಯವೂ ಉಳಿಯಲಿಲ್ಲ. ನಮ್ಮೂರಿನ ಟೈಲರ್ ಸಾಹೇಬರನ್ನು ಒಮ್ಮೆ ಕೇಳಿದ್ದೆ, "ಸಾಹೇಬ್ರೆ, ಆ ಲೇಖನ ನೀವು ಓದಿದ್ರಾ?" ಅಂತ. "ಇಲ್ಲ ಗೌಡ್ರೆ, ಇವತ್ತಿಗೂ ಓದಿಲ್ಲ. ಅಂಗಡಿಗೆ ಬಂದೋರೆಲ್ಲ ಮಾತ್ರ ಅದಕ್ಕೇನಂತೀರಾ ಅಂತ ನನ್ನೇ ಕೇಳಿದ್ರು. ಬರೆದೋರ್ನ ಯಾರೂ ಕೇಳ್ಲಿಲ್ಲ" ಅಂದರು.

ಇದು ಮೊದಲನೆಯದೇನಲ್ಲ. 1986ರ ಡಿಸೆಂಬರ್ 7 ಕೂಡ ಭಾನುವಾರವೇ. 'ಡೆಕ್ಕನ್ ಹೆರಾಲ್ಡ್' ಪುರವಣಿಯಲ್ಲಿ ಮಲಯಾಳಂನಿಂದ ಬಂದ ಒಂದು ಸಣ್ಣ ಕತೆ. ಕತೆಯೊಳಗಿನವನು ಬುದ್ಧಿ ಬೆಳೆಯದ ಒಬ್ಬ ಪಾಪದ ಹುಡುಗ, ಪ್ರವಾದಿಯವರಿಗೂ ಅವನಿಗೂ ಸಂಬಂಧವೇ ಇಲ್ಲ. ಆದರೆ ತಲೆಬರಹದಲ್ಲಿ ಪ್ರವಾದಿಯವರದೇ ಆದ ಅವನ ಹೆಸರೂ ಅವನ ಪೆದ್ದುತನವೂ ಒಟ್ಟಿಗೇ ಅಚ್ಚಾಗಿದ್ದವು. ಬೆಂಗಳೂರು, ಮೈಸೂರು ಹೊತ್ತಿ ಉರಿದವು. 15ಕ್ಕೂ ಹೆಚ್ಚು ಜನ ಸತ್ತರು. ಪತ್ರಿಕೆ ಕ್ಷಮೆ ಕೇಳಿತು. ಆ ಕತೆಯನ್ನು ಕೊನೆತನಕ ಓದಿದ್ದರೆ ಆ ಹುಡುಗನ ಮೇಲೆ ಕರುಣೆ ಹುಟ್ಟುತ್ತಿತ್ತೋ ಏನೋ, ಆದರೆ ಕೊನೆತನಕ ಓದುವ ವ್ಯವಧಾನ ಯಾರಿಗೂ ಸಿಗಲಿಲ್ಲ.

ಹೀಗೆ ಹೇಳಿದ ಕೂಡಲೇ ಕೆಲವರು, ಇದೆಲ್ಲ ಒಂದು ಸಮುದಾಯದವರ ಸಮಸ್ಯೆ ಎಂದು ಕೈತೊಳೆದುಕೊಳ್ಳುತ್ತಾರೆ. ಅದು ಅನ್ಯಾಯ. ಪಿ.ವಿ. ನಾರಾಯಣ ಅವರ 'ಧರ್ಮಕಾರಣ' ಕಾದಂಬರಿಯನ್ನು 1997ರಲ್ಲಿ ಸರ್ಕಾರ ಮುಟ್ಟುಗೋಲು ಹಾಕಿತು, ಬಸವಣ್ಣನವರ ಅಕ್ಕನ ಚಿತ್ರಣ ಭಕ್ತರನ್ನು ನೋಯಿಸಿತೆಂದು. 2007ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಎಂ.ಎಂ. ಕಲಬುರ್ಗಿಯವರು ತಮ್ಮ ಸಂಶೋಧನೆಯ ಮಾತುಗಳನ್ನು ಒತ್ತಾಯಕ್ಕೆ ಸಿಕ್ಕಿ ಹಿಂದೆಗೆದುಕೊಂಡದ್ದು ಸ್ವಂತ ಸಮುದಾಯದವರ ಎದುರು. 2015ರ ಆಗಸ್ಟ್ 30ರಂದು ಧಾರವಾಡದ ಮನೆಬಾಗಿಲಲ್ಲೇ ಅವರನ್ನು ಗುಂಡಿಟ್ಟು ಕೊಂದರು. ನೋವಿಗೂ ಸಿಟ್ಟಿಗೂ ಜಾತಿ ಇಲ್ಲ, ಬಂದೂಕಿಗೂ ಇಲ್ಲ.

ಕಾನೂನು ಏನು ಹೇಳುತ್ತದೆ ಎಂದು ಕೇಳುವವರಿದ್ದಾರೆ. ಲಾಹೋರಿನಲ್ಲಿ 'ರಂಗೀಲಾ ರಸೂಲ್' ಎಂಬ ಪುಸ್ತಿಕೆ ಪ್ರಕಟಿಸಿದವನು ಕೋರ್ಟಿನಲ್ಲಿ ಬಿಡುಗಡೆಯಾದಾಗ ಎದ್ದ ಗದ್ದಲದಿಂದ 1927ರಲ್ಲಿ ಹುಟ್ಟಿದ್ದು ದಂಡಸಂಹಿತೆಯ 295ಎ ಕಲಮು. ಈಗ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 299. ಬೇಕೆಂತಲೇ, ದ್ವೇಷದಿಂದ ಮಾಡಿದ ಅವಮಾನಕ್ಕೆ ಮಾತ್ರ ಶಿಕ್ಷೆ ಎಂದು ಸುಪ್ರೀಂ ಕೋರ್ಟ್ 1957ರಲ್ಲೇ ಗೆರೆ ಎಳೆದಿದೆ. 1989ರಲ್ಲಿ, ಒಂದು ತಮಿಳು ಸಿನಿಮಾದ ಪ್ರಕರಣದಲ್ಲಿ, ಗಲಾಟೆಯಾಗುತ್ತದೆ ಎಂಬ ಬೆದರಿಕೆಗೆ ಹೆದರಿ ಮಾತನ್ನು ತಡೆಯಬಾರದು, ಗಲಾಟೆ ತಡೆಯುವುದು ಸರ್ಕಾರದ ಕೆಲಸ ಎಂದೂ ಹೇಳಿದೆ. ಇದರಲ್ಲಿ ನನಗೆ ಪೂರ್ತಿ ಒಪ್ಪಿಗೆ. ಆದರೆ ಕೇಸು, ವಕಾಲತ್ತು, ವಾಯಿದೆ ಎಲ್ಲ ಬರುವುದು ಬೆಂಕಿ ಆರಿದ ಮೇಲೆ. ಹೋಟೆಲಿನ ಬೆಂಚಿನ ಮೇಲೆ ಕೂತವನಿಗೆ ಬೇಕಾದದ್ದು ಅವತ್ತೇ, ಅಲ್ಲೇ, ಒಂದು ಮಾತು ಹೇಳುವ ಅವಕಾಶ.

ಆ ಅವಕಾಶ ಕೊಡುವ ವಿದ್ಯೆ ನಮ್ಮವರಿಗೆ ಗೊತ್ತಿತ್ತು. ಘಟ್ಟದ ಕೆಳಗಿನಿಂದ ಬಂದು ನೆಲೆನಿಂತವರು ನಮ್ಮ ಕಡೆ, ವೇಷವಿಲ್ಲದೆ ಕೂತು ಮಾತಿನಲ್ಲೇ ಪ್ರಸಂಗ ನಡೆಸುವ ತಾಳಮದ್ದಳೆ ಇಟ್ಟುಕೊಂಡಾಗ ನಾನು ತಪ್ಪಿಸುವುದಿಲ್ಲ. ವಾಲಿವಧೆಯ ಪ್ರಸಂಗವೆಂದರೆ ರಾತ್ರಿಯಿಡೀ ಕೂರಲೂ ಸಿದ್ಧ. ಬಾಣ ತಗಲಿ ಬಿದ್ದ ವಾಲಿ ರಾಮನನ್ನು ಪ್ರಶ್ನೆ ಮಾಡುತ್ತಾನೆ. ಮರೆಯಲ್ಲಿ ನಿಂತು ಹೊಡೆದ ನೀನು ಎಂಥ ಕ್ಷತ್ರಿಯ, ಯಾವ ಧರ್ಮ ನಿನ್ನದು ಎಂದು ಅರ್ಧ ಗಂಟೆ, ಮುಕ್ಕಾಲು ಗಂಟೆ, ತರ್ಕದ ಮೇಲೆ ತರ್ಕ ಹಾಕಿ ಹಿಂಡುತ್ತಾನೆ. ಎದುರಿಗೆ ಕೂತವರಲ್ಲಿ ದಿನಾ ರಾಮನಾಮ ಬರೆಯುವವರಿದ್ದಾರೆ, ಹಣೆತುಂಬ ನಾಮ ಹಾಕಿದವರಿದ್ದಾರೆ. ಒಬ್ಬರೂ ಎದ್ದು ಹೋಗುವುದಿಲ್ಲ. ವಾಲಿಯ ಮಾತು ಚೆನ್ನಾಗಿದ್ದರೆ ಅವರೇ ತಲೆದೂಗುತ್ತಾರೆ. ಯಾಕೆಂದರೆ ಎದುರಿನ ಕುರ್ಚಿಯಲ್ಲಿ ರಾಮನ ಅರ್ಥಧಾರಿ ಕೂತಿದ್ದಾನೆ, ಅವನ ಸರದಿ ಬಂದೇ ಬರುತ್ತದೆ ಎಂದು ಎಲ್ಲರಿಗೂ ಗೊತ್ತು. ವಾಲಿ ಎಷ್ಟು ಹೊತ್ತು ಮಾತಾಡಿದನೋ ರಾಮನಿಗೂ ಅಷ್ಟು ಹೊತ್ತು ಸಲ್ಲಬೇಕು. ಒಬ್ಬನೇ ಮಾತಾಡಿ ಎದ್ದುಹೋದರೆ ಅದು ತಾಳಮದ್ದಳೆಯೇ ಅಲ್ಲ.

ಶೇಣಿ ಗೋಪಾಲಕೃಷ್ಣ ಭಟ್ಟರು ಇದರಲ್ಲಿ ಎತ್ತಿದ ಕೈ. ವಾಲಿ, ಮಾಗಧ, ರಾವಣ ಎಂದರೆ ಅವರೇ. ಅದೇ ಶೇಣಿಯವರು ಬಪ್ಪನಾಡು ಕ್ಷೇತ್ರ ಮಹಾತ್ಮೆಯಲ್ಲಿ ಬಪ್ಪ ಬ್ಯಾರಿಯಾಗಿ ಬಂದರೆ ಜನ ಕಿಕ್ಕಿರಿಯುತ್ತಿದ್ದರಂತೆ. ಮೂಲ್ಕಿಯಲ್ಲಿ ದುರ್ಗೆಗೆ ಗುಡಿ ಕಟ್ಟಿಸಿದ ಮುಸ್ಲಿಂ ವ್ಯಾಪಾರಿಯ ಪಾತ್ರ ಅದು. ದೇವರನ್ನು ಪ್ರಶ್ನಿಸುವ ಮಾತೂ, ಬೇರೆ ಮತದವನು ನಮ್ಮ ದೇವರಿಗೆ ಕೈಮುಗಿಯುವ ಮಾತೂ ಒಂದೇ ಬಾಯಿಯಿಂದ ಬಂದವು. ಎರಡನ್ನೂ ಕೇಳುವ ಕಿವಿ ಜನರಿಗಿತ್ತು.

ನಮ್ಮ ತಾಲ್ಲೂಕು ಕೇಂದ್ರ ಬೇಲೂರಿನಲ್ಲೂ ಆ ಕಿವಿ ಉಂಟು. ಚೈತ್ರದಲ್ಲಿ ಚನ್ನಕೇಶವನ ರಥ ಹೊರಡುವ ಮುನ್ನ ದೊಡ್ಡಮೇದೂರಿನ ಖಾಜಿ ಸಾಹೇಬರು ಕುರಾನ್ ಪಠಿಸುವುದು ತಲೆತಲಾಂತರದಿಂದ ಬಂದ ಪದ್ಧತಿ. ದೇವಸ್ಥಾನದ 1932ರ ಕೈಪಿಡಿಯಲ್ಲೂ ಇದು ಇದೆ ಎನ್ನುತ್ತಾರೆ. ಚಿಕ್ಕಂದಿನಲ್ಲಿ ನಾವು ಅದನ್ನು ವಿಶೇಷವೆಂದು ನೋಡಿದವರೇ ಅಲ್ಲ, ಬಾಳೆಹಣ್ಣು ದವನ ಎಸೆಯಲು ಜಾಗ ಹಿಡಿಯುವುದೇ ನಮಗೆ ದೊಡ್ಡ ಕೆಲಸವಾಗಿತ್ತು. 2022ರಲ್ಲಿ ಇದು ಬೇಡವೆಂಬ ಕೂಗೆದ್ದಿತು. ಟಿ.ವಿ.ಯವರು ಬಂದರು. ಮುಜರಾಯಿ ಇಲಾಖೆ ಪದ್ಧತಿ ನಡೆಯಲಿ ಎಂದಿತು, ಆ ವರ್ಷ ಪಠಣವೂ ಆಯಿತು, ತೇರೂ ಹೊರಟಿತು. ಮರುವರ್ಷ ಮತ್ತೆ ಪ್ರತಿಭಟನೆ. ಸ್ಟುಡಿಯೋಗಳಲ್ಲಿ ಇದರ ಮೇಲೆ ಚರ್ಚೆ ಮಾಡಿದವರಲ್ಲಿ ಬೇಲೂರಿನ ತೇರಿನ ಹಗ್ಗ ಹಿಡಿದವರು ಎಷ್ಟು ಜನ ಇದ್ದರು ಎಂಬುದು ನನಗೆ ಮುಖ್ಯವಾದ ಪ್ರಶ್ನೆ.

ಇನ್ನೂ ಹಿಂದಕ್ಕೆ ಹೋಗೋಣ. 1368ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ಜಗಳ ಹುಟ್ಟಿ, ತಮಗೆ ಅನ್ಯಾಯವಾಗುತ್ತಿದೆಯೆಂದು ಜೈನರು ವಿಜಯನಗರದ ಬುಕ್ಕರಾಯನಲ್ಲಿ ದೂರು ಹೇಳಿಕೊಂಡರು. ಅರಸ ವೈಷ್ಣವರ ಕೈಯಲ್ಲಿ ಜೈನರ ಕೈಯನ್ನಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲವೆಂದು ತೀರ್ಪಿತ್ತ. ಜೈನರಿಗೆ ಪಂಚಮಹಾವಾದ್ಯ, ಕಳಶದ ಗೌರವ ಮೊದಲಿನಂತೆ ಸಲ್ಲಬೇಕು, ಅವರಿಗೆ ಹಾನಿಯಾದರೆ ಅದು ವೈಷ್ಣವರಿಗೇ ಆದ ಹಾನಿ ಎಂದ. ಜೈನರ ಮನೆಗಳಿಂದ ಕೂಡಿಸಿದ ಹಣದಲ್ಲಿ ಬೆಳಗೊಳದ ಗೊಮ್ಮಟನಿಗೆ ಇಪ್ಪತ್ತು ಜನ ಕಾವಲುಗಾರರನ್ನು ನೇಮಿಸುವ ಹೊಣೆ ತಿರುಮಲೆಯ ತಾತಯ್ಯನದು. ಅಂದರೆ ಗೊಮ್ಮಟನ ಕಾವಲಿನ ಉಸ್ತುವಾರಿ ಒಬ್ಬ ವೈಷ್ಣವನ ಕೈಗೆ. ಈ ಮಾತನ್ನು ಕಲ್ಲಿನಲ್ಲಿ ಕೊರೆಸಿ ರಾಜ್ಯದ ಬಸದಿಗಳಲ್ಲೆಲ್ಲ ನಿಲ್ಲಿಸಬೇಕೆಂದೂ ಶಾಸನದಲ್ಲಿದೆ. ನಮ್ಮದೇ ಜಿಲ್ಲೆಯ ಶ್ರವಣಬೆಳಗೊಳದಲ್ಲಿ ಇವತ್ತಿಗೂ ಅದನ್ನು ಓದಬಹುದು. ಅಂದಿನ ಮಾಧ್ಯಮ ಅದು. ಏನು ನಡೆಯಿತು, ಯಾರು ದೂರು ಕೊಟ್ಟರು, ಯಾರು ಏನು ಒಪ್ಪಿಕೊಂಡರು ಎಂದು ಎರಡೂ ಕಡೆಯವರ ಹೆಸರು ಹಿಡಿದು ಬರೆದಿದ್ದಾರೆ.

ಹೆಸರಿನ ವಿಷಯ ಬಂದದ್ದರಿಂದ ಹಾಸನದ ಬಾನು ಮುಷ್ತಾಕ್ ಅವರ ಬಗ್ಗೆ ಹೇಳಲೇಬೇಕು. 'ಲಂಕೇಶ್ ಪತ್ರಿಕೆ'ಯ ವರದಿಗಾರ್ತಿಯಾಗಿದ್ದವರು, ವಕೀಲರು. ತಮ್ಮ ಸಮುದಾಯದ ಹೆಣ್ಣುಮಕ್ಕಳ ಕಷ್ಟವನ್ನು, ಆ ಸಮುದಾಯದವರು ಓದುವ ಊರಿನಲ್ಲೇ ಕೂತು, ತಮ್ಮದೇ ಹೆಸರಿನಲ್ಲಿ ಬರೆದವರು. ಮಸೀದಿಗೆ ಹೋಗುವ ಹಕ್ಕು ಹೆಂಗಸರಿಗೂ ಉಂಟು ಎಂದದ್ದಕ್ಕೆ 2000ದಲ್ಲಿ ಫತ್ವಾ, ತಿಂಗಳುಗಟ್ಟಲೆ ಬಹಿಷ್ಕಾರ, ಬೆದರಿಕೆಯ ಫೋನುಗಳು. ಚಾಕು ಹಿಡಿದು ಬಂದವನನ್ನು ಅವರ ಪತಿ ತಡೆದರು. ಆದರೂ ಅವರು ಊರು ಬಿಡಲಿಲ್ಲ, ಬರೆಯುವುದನ್ನೂ ಬಿಡಲಿಲ್ಲ. 2025ರ ಮೇ ತಿಂಗಳಲ್ಲಿ ಅವರ ಕತೆಗಳಿಗೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು, ದೀಪಾ ಭಾಸ್ತಿಯವರ ಇಂಗ್ಲಿಷ್ ಅನುವಾದದ ಮೂಲಕ. ಮೂರೇ ತಿಂಗಳಿಗೆ ಮೈಸೂರು ದಸರಾ ಉದ್ಘಾಟನೆಗೆ ಸರ್ಕಾರ ಅವರನ್ನು ಕರೆದಾಗ ಈ ಸಲ ಬೇರೆ ಕಡೆಯವರಿಂದ ತಕರಾರು. ಭುವನೇಶ್ವರಿಯ ಬಗ್ಗೆ ಅವರು ಹಿಂದೆ ಆಡಿದ ಮಾತಿನ ವಿಡಿಯೊ ತುಣುಕು ಊರೆಲ್ಲ ಓಡಾಡಿತು. ಅವರು ಉದ್ಘಾಟಿಸಬಾರದೆಂದು ಹಾಕಿದ ಅರ್ಜಿಗಳನ್ನು ಹೈಕೋರ್ಟು, ಸುಪ್ರೀಂ ಕೋರ್ಟು ಎರಡೂ ತಳ್ಳಿಹಾಕಿದವು. ಸೆಪ್ಟೆಂಬರ್ 22ರಂದು ಅವರು ಚಾಮುಂಡಿ ಬೆಟ್ಟದಲ್ಲಿ ದಸರಾ ಉದ್ಘಾಟಿಸಿದರು.

ಇಪ್ಪತ್ತೈದು ವರ್ಷದಲ್ಲಿ ಒಬ್ಬ ಹೆಣ್ಣುಮಗಳ ಬಾಯಿ ಮುಚ್ಚಿಸಲು ಎರಡು ಕಡೆಯವರೂ ಪ್ರಯತ್ನಪಟ್ಟರು. ನಂಬಿಕೆಗೆ ನೋವಾಯಿತು ಎಂಬ ಮಾತು ಎರಡು ಸಲವೂ ಕೇಳಿಬಂತು. ಭುವನೇಶ್ವರಿಯ ಬಗ್ಗೆ ಅವರು ಹೇಳಿದ್ದು ನನಗೆ ಪೂರ್ತಿ ಒಪ್ಪಿಗೆಯಾಗದೆ ಇರಬಹುದು. ಆದರೆ ಅವರ ಮಾತಿಗೆ ಅವರ ಮುಖವಿದೆ, ವಿಳಾಸವಿದೆ. ಒಪ್ಪದವರು ಎದುರು ಕೂತು ಕೇಳಬಹುದು, ಅವರು ಉತ್ತರ ಕೊಡುತ್ತಾರೆ. 2010ರ ಲೇಖನಕ್ಕೆ ಇಲ್ಲದಿದ್ದದ್ದು ಇದೇ. ಬುರ್ಖಾ ಬೇಡವೆಂದು ಬರೆಯುವುದು ತಪ್ಪೆಂದು ನಾನು ಯಾವತ್ತೂ ಹೇಳುವುದಿಲ್ಲ, ಖಂಡಿತ ಬರೆಯಬೇಕು. ಹೊರಗಿನವರೂ ಬರೆಯಬಹುದು. ಬರೆದವರು ನಿಜವಾಗಿ ಬರೆದಿರಬೇಕು, ಬರೆದದ್ದು ಬರೆದ ಹಾಗೇ ಅಚ್ಚಾಗಬೇಕು, ಯಾರ ಬಗ್ಗೆ ಬರೆದರೋ ಅವರಿಗೆ ಅಷ್ಟೇ ಅಗಲದ ಜಾಗ ಸಿಗಬೇಕು. ಇಷ್ಟಾದ ಮೇಲೂ ಕಲ್ಲು ಎತ್ತುವವನನ್ನು ಪೊಲೀಸರು ಹಿಡಿಯಲಿ, ಅವನ ಪರವಾಗಿ ನಾನು ಒಂದು ಮಾತೂ ಆಡುವುದಿಲ್ಲ.

ಪತ್ರಿಕೆ ನಡೆಸುವವರಿಗೆ ಇದರಿಂದ ಕೆಲಸ ಹೆಚ್ಚಾಗುತ್ತದೆ, ಗೊತ್ತು. ಶನಿವಾರ ರಾತ್ರಿ ಪುಟ ಮುಗಿಸುವ ಅವಸರದಲ್ಲಿ ಲೇಖಕಿಗೆ ಫೋನು ಮಾಡಿ ಇದು ನಿಮ್ಮದೇನಾ ಎಂದು ಕೇಳುತ್ತಾ ಕೂರಲು ಯಾರಿಗೆ ಪುರುಸೊತ್ತು? ಆದರೆ ಆ ಒಂದು ಫೋನಿಗೆ ಪುರುಸೊತ್ತು ಮಾಡಿಕೊಳ್ಳುವುದೇ ಸಂಪಾದಕನ ಕೆಲಸ ಎಂದು ನಾನು ನಂಬಿದ್ದೇನೆ. ನಾನು ಆ ಕುರ್ಚಿಯಲ್ಲಿ ಇದ್ದಿದ್ದರೆ ಮುಂದಿನ ಭಾನುವಾರ, ಅಂದರೆ 2010ರ ಮಾರ್ಚ್ 7ರ ಪುರವಣಿಯ ಅದೇ ಪುಟವನ್ನು ಹಾಸನದ ಇಬ್ಬರು ಹೆಣ್ಣುಮಕ್ಕಳಿಗೆ ಬಿಟ್ಟುಕೊಡುತ್ತಿದ್ದೆ. ಒಬ್ಬಳು ಬುರ್ಖಾ ತೊಟ್ಟು ಕಾಲೇಜಿಗೆ ಹೋಗುವವಳು, ಇನ್ನೊಬ್ಬಳು ಅದನ್ನು ತೆಗೆದಿಟ್ಟವಳು. ಅವರವರ ಹೆಸರು ಹಾಕಿ, ಇಬ್ಬರಿಗೂ ಸಮವಾದ ಅಂಕಣ ಕೊಟ್ಟು, ಒಂದು ಅಕ್ಷರವೂ ತಿದ್ದದೆ ಅಚ್ಚುಹಾಕುತ್ತಿದ್ದೆ. ಮಾರನೆಯ ದಿನ ಹೇಗೂ ಮಹಿಳಾ ದಿನ.