ವಿನಿಪೆಗ್ಗಿನ ಮೊಟ್ಟೆಮನೆ

ಕೆನಡಾ ದೇಶದ ಭೂಪಟವನ್ನು ಪೂರ್ವವೂ ಪಶ್ಚಿಮವೂ ಒಂದರ ಮೇಲೊಂದು ಕೂಡುವಂತೆ ಮಡಿಸಿದರೆ, ಮಡಿಕೆಯ ಗೆರೆ ಬೀಳುವುದು ವಿನಿಪೆಗ್ ನಗರದ ಪಕ್ಕದಲ್ಲಿ. ನಗರದಿಂದ ಮೂಡಣಕ್ಕೆ ಸ್ವಲ್ಪ ದೂರ ಹೋದರೆ, ದೇಶದ ನಟ್ಟನಡುವಣ ರೇಖಾಂಶ ಇದೇ ಎಂದು ಸಾರುವ ಫಲಕವೊಂದು ಹೆದ್ದಾರಿಯ ಅಂಚಿನಲ್ಲಿ ನಿಂತಿದೆ. ರೆಡ್ ಮತ್ತು ಅಸಿನಿಬೊಯಿನ್ ಎಂಬ ಎರಡು ನದಿಗಳ ಸಂಗಮದಲ್ಲಿ ಬೆಳೆದ ಊರಿದು. ಸುತ್ತಲೂ ಕಣ್ಣು ಹಾಯುವಷ್ಟು ದೂರ ಹಲಗೆಯಂತೆ ಸಮತಟ್ಟಾದ ಬಯಲು. ಜನವರಿಯಲ್ಲಿ ಉಷ್ಣಮಾನ ಸೊನ್ನೆಗಿಂತ ೩೦ ಡಿಗ್ರಿ ಕೆಳಗಿಳಿಯುವುದು ಇಲ್ಲಿಯವರಿಗೆ ಸುದ್ದಿಯೇ ಅಲ್ಲ. ಇಂಥ ಚಳಿಯನ್ನು ಮನೆಯೊಳಗೆ ಕುಳಿತು ಕಳೆದವರಿಗೆ, ಹಿಮ ಕರಗಿ ಮೇ ತಿಂಗಳು ಕಾಲಿಟ್ಟೊಡನೆ ಮನೆಯಲ್ಲಿ ಕಾಲು ನಿಲ್ಲದು. ಜೂನ್ ತಿಂಗಳಿನಲ್ಲಿ ರಾತ್ರಿ ಒಂಬತ್ತೂವರೆಯವರೆಗೂ ಹಗಲಿನ ಬೆಳಕು. ಬೇಸಿಗೆಯೇನೋ ಚಿಕ್ಕದು; ಅದನ್ನು ಪೂರ್ತಿ ಅನುಭವಿಸಬೇಕೆಂಬ ಹಟದಿಂದ ಅನೇಕರು ಮನೆಯನ್ನೇ ಕಾರಿನ ಹಿಂದೆ ಕಟ್ಟಿಕೊಂಡು ಹೊರಟುಬಿಡುತ್ತಾರೆ.

ಕಾರಿನ ಹಿಂದೆ ಎಳೆದೊಯ್ಯುವ ಈ ಮನೆಗಳಿಗೆ ಟ್ರೇಲರ್ ಎಂದು ಹೆಸರು. ಅವುಗಳಲ್ಲಿ ಅರಮನೆಯಂಥವೂ ಉಂಟು, ಗುಡಿಸಲಿನಂಥವೂ ಉಂಟು. ಆದರೆ ವಿನಿಪೆಗ್ ತನ್ನದೆಂದು ಹೆಮ್ಮೆಪಡುವುದು ಮೊಟ್ಟೆಯಾಕಾರದ ಒಂದು ಪುಟ್ಟ ಬಂಡಿಯ ವಿಷಯದಲ್ಲಿ. ಇದರ ಹೆಸರು ಬೋಲರ್. ರೇ ಒಲೆಕೊ ಎಂಬ ವಿನಿಪೆಗ್ ನಿವಾಸಿ ಮೊದಲು ಮನೆಗಳ ಮಲಗುಂಡಿಗೆ ಫೈಬರ್‌ಗ್ಲಾಸಿನ ಹಗುರವಾದ ತೊಟ್ಟಿಯನ್ನು ರೂಪಿಸಿದ್ದರು. ನೀರು ಸೋರದ, ತುಕ್ಕು ಹಿಡಿಯದ ಈ ವಸ್ತುವಿನಿಂದ ಪ್ರವಾಸದ ಮನೆಯನ್ನೇಕೆ ಮಾಡಬಾರದೆಂಬ ಯೋಚನೆ ಅವರಿಗೆ ಹೊಳೆಯಿತು. ೧೯೬೮ರಲ್ಲಿ ಮೊದಲ ಬಂಡಿ ಹೊರಬಂದಿತು. ಮಲಗುಂಡಿಯಿಂದ ಹುಟ್ಟಿದ ವಿಹಾರಭವನವೆಂದು ಯಾರಾದರೂ ನಕ್ಕರೆ ನಗಲಿ. ಕೆಸರಿನಲ್ಲಿಯೇ ಅಲ್ಲವೇ ಕಮಲ ಹುಟ್ಟುವುದು!

ಬೌಲರ್ ಎಂಬ ಗುಂಡು ಟೋಪಿಯ ಹೋಲಿಕೆಯಿಂದ ಬಂಡಿಗೆ ಆ ಹೆಸರು ಬಂದಿತು. ಕಾರಿಗೆ ಸಿಕ್ಕಿಸುವ ಮೂಕಿಯನ್ನೂ ಸೇರಿಸಿ ಅದರ ಉದ್ದ ೧೩ ಅಡಿ; ಆರಂಭದ ಬಂಡಿಗಳ ತೂಕ ಸುಮಾರು ೪೫೦ ಕಿಲೋಗ್ರಾಂ. ಸಾಧಾರಣ ಸಂಸಾರಸ್ಥನ ಸಣ್ಣ ಕಾರೂ ಅದನ್ನು ಎಳೆಯಬಲ್ಲದು. ೧೯೮೮ರ ವೇಳೆಗೆ ತಯಾರಿಕೆ ನಿಂತಿತಾದರೂ, ಅಷ್ಟರಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಬಂಡಿಗಳು ರಸ್ತೆಗಿಳಿದಿದ್ದವು. ೨೦೧೮ರಲ್ಲಿ ಬೋಲರಿನ ಐವತ್ತನೆಯ ವರ್ಷದ ಉತ್ಸವ ವಿನಿಪೆಗ್ಗಿನಲ್ಲಿ ನಡೆದಾಗ, ನೂರಾರು ಮೊಟ್ಟೆಮನೆಗಳು ಕೆನಡಾ ಮತ್ತು ಅಮೆರಿಕದ ಮೂಲೆಮೂಲೆಗಳಿಂದ ತಮ್ಮ ತವರಿಗೆ ಬಂದು ಸೇರಿದವು. ಐವತ್ತು ವರ್ಷ ಒಂದು ಗಾಡಿ ಬಾಳುವುದೆಂದರೆ ಅದರ ಹಿಂದೆ ಎಷ್ಟು ಕೈಗಳ ದುಡಿಮೆ ಇರಬೇಕು! ಆ ದುಡಿಮೆಯನ್ನು ಹತ್ತಿರದಿಂದ ನೋಡುವ ಅವಕಾಶ, ವಿನಿಪೆಗ್ಗಿನಲ್ಲಿ ನೆಲೆಸಿರುವ ನನ್ನ ತಂಗಿಯ ಮಗನ ಮನೆಯಲ್ಲಿ ನನಗೆ ದೊರೆಯಿತು.

ಹನಿ ಹನಿಗೂಡಿದರೆ

ಅವನು ಕೊಂಡದ್ದು ೧೯೭೩ರ ಬೋಲರ್. ಹಿಂದಿನ ಒಡೆಯರು ಹೊಸದಾಗಿ ಬಣ್ಣ ಬಳಿಸಿದ್ದರಿಂದ ಅದು ಮದುವಣಗಿತ್ತಿಯಂತೆ ಅಂಗಳದಲ್ಲಿ ನಿಂತಿತ್ತು. ನಮ್ಮ ಹುಡುಗನ ಮನಸ್ಸೆಲ್ಲ ಅಲಂಕಾರದ ಕಡೆಗೆ: ಚಾವಣಿಯ ಮೇಲೆ ಹವಾನಿಯಂತ್ರಕ, ಗೋಡೆಯಲ್ಲಿ ದೊಡ್ಡ ಶೀತಕಪೆಟ್ಟಿಗೆ, ಹಳೆಯ ಬೀರುಗಳನ್ನು ಕಿತ್ತು ಹೊಸ ಮರಗೆಲಸ. ನೆರೆಮನೆಯಲ್ಲಿ ನಿವೃತ್ತ ಲೋಹಗೆಲಸಗಾರರೊಬ್ಬರಿದ್ದರು. ಇಂಥ ಬಂಡಿಗಳೊಡನೆ ಅರ್ಧ ಆಯುಷ್ಯ ಕಳೆದವರು. ಪಟ್ಟಿಯನ್ನೆಲ್ಲ ಸಮಾಧಾನದಿಂದ ಕೇಳಿ, “ಮೊದಲು ಒಂದು ಕೊಳವೆ ನೀರು ಹಿಡಿದು ನೋಡೋಣ” ಎಂದರು.

ಬೋಲರಿನ ಮೈಯನ್ನು ಮೇಲರ್ಧ, ಕೆಳಅರ್ಧ ಎಂದು ಎರಡು ಅಚ್ಚುಗಳಲ್ಲಿ ಎರೆದು ನಡುವೆ ಬೆಸೆದಿರುತ್ತಾರೆ. ಆದ್ದರಿಂದ ಮರದ ಚೌಕಟ್ಟಿನ ಟ್ರೇಲರುಗಳಂತೆ ಇದರ ಗೋಡೆ ಒಳಗೊಳಗೇ ಕೊಳೆಯುವುದಿಲ್ಲ. ಆದರೆ ಕಿಟಕಿಯ ಅಂಚು, ಚಾವಣಿಯ ಗಾಳಿಗಿಂಡಿ, ನಡುವಣ ಬೆಸುಗೆ, ಬೀರುಗಳನ್ನು ಹಿಡಿದ ರಿವೆಟ್ಟುಗಳು ಹೊರಮೈಯನ್ನು ತೂರಿದ ರಂಧ್ರಗಳು—ಇವೆಲ್ಲ ನೀರಿಗೆ ತೆರೆದ ಬಾಗಿಲುಗಳೇ. ಒಬ್ಬರು ಹೊರಗಿನಿಂದ ನೀರು ಬಿಡುತ್ತಿದ್ದರು. ಇನ್ನೊಬ್ಬರು ಒಳಗೆ ಕುಳಿತು ಕೈದೀಪ ಹಿಡಿದು ನೋಡುತ್ತಿದ್ದರು. ನೀರನ್ನು ಕೆಳಗಿನಿಂದ ಮೇಲಕ್ಕೆ ನಿಧಾನವಾಗಿ ಹಾಯಿಸುವುದರಲ್ಲಿ ಒಂದು ಜಾಣತನವಿದೆ. ಮೊದಲೇ ಚಾವಣಿಯ ಮೇಲೆ ಸುರಿದರೆ ಸೋರಿದ್ದು ಎಲ್ಲಿಯೆಂದು ತಿಳಿಯದು. ಏಳು ಕಡೆ ಹನಿ ಕಾಣಿಸಿತು.

ಹಿಂದೆ ಯಾರೋ ಕಿಟಕಿಗಳಿಗೆಲ್ಲ ಸಿಲಿಕೋನ್ ಮೇಣವನ್ನು ಮೆತ್ತಿದ್ದರು. ಅದರ ಅಂಶ ಒಮ್ಮೆ ಅಂಟಿತೆಂದರೆ ಆಮೇಲೆ ಬೇರೆ ಯಾವ ಮೇಣವೂ ಅಲ್ಲಿ ನೆಟ್ಟಗೆ ಹಿಡಿಯುವುದಿಲ್ಲ. ಅದನ್ನು ಉಗುರಿನಿಂದ ಕೆರೆದಂತೆ ಕೆರೆದು ತೆಗೆಯುವುದಕ್ಕೇ ಎರಡು ದಿನ ಹಿಡಿಯಿತು. ಅನಂತರ ಕಿಟಕಿಯ ಚೌಕಟ್ಟನ್ನು ಬಿಚ್ಚಿ, ಬ್ಯೂಟೈಲ್ ಎಂಬ ರಬ್ಬರಿನ ಜಿಗುಟು ಪಟ್ಟಿಯನ್ನು ಸುತ್ತ ಕೂರಿಸಿ, ತಿರುಪುಗಳನ್ನು ಸ್ವಲ್ಪಸ್ವಲ್ಪವಾಗಿ ಬಿಗಿದರು. ಸಡಿಲವಾದ ರಿವೆಟ್ಟುಗಳನ್ನು ಕೊರೆದು ತೆಗೆದು ಹೊಸವನ್ನು ಹಾಕಿದರು. ಇಲ್ಲಿ ಉದಾಸೀನ ಸಲ್ಲದು. ಬಿರುಕಿನಲ್ಲಿ ನಿಂತ ನೀರು ಚಳಿಗಾಲದಲ್ಲಿ ಹೆಪ್ಪುಗಟ್ಟಿದಾಗ ತನ್ನ ಗಾತ್ರದ ಸುಮಾರು ನೂರಕ್ಕೆ ೯ರಷ್ಟು ಹಿಗ್ಗಿ ಬಿರುಕನ್ನು ಮತ್ತಷ್ಟು ಸೀಳುತ್ತದೆ. ಹನಿ ಹನಿಗೂಡಿದರೆ ಹಳ್ಳವೆಂದು ನಮ್ಮ ಹಿರಿಯರು ಹೇಳಿದ್ದು ಉಳಿತಾಯಕ್ಕಾಗಿ. ವಿನಿಪೆಗ್ಗಿನಲ್ಲಿ ಅದು ಎಚ್ಚರಿಕೆಯ ಮಾತು.

ಬಣ್ಣದ ಕೆಳಗಿನ ಬಿರುಕು

ಮೂರನೆಯ ದಿನ ನೆರೆಯವರು ಗೋಣಿ ಹಾಸಿಕೊಂಡು ಬಂಡಿಯ ಕೆಳಗೆ ಮಲಗಿದರು. ಮೂಕಿಯ ಎರಡು ಕಬ್ಬಿಣದ ತೊಲೆಗಳು ಮೈಯಡಿಗೆ ಬಾಗಿ ಸೇರುವ ಜಾಗವೇ ಈ ಬಂಡಿಗಳ ಮರ್ಮಸ್ಥಾನ. ರಸ್ತೆಯ ಪ್ರತಿಯೊಂದು ಕುಲುಕಾಟವೂ ಅಲ್ಲಿಯೇ ಬಂದು ಬಡಿಯುತ್ತದೆ. ಅವರು ತಂತಿಯ ಕುಂಚದಿಂದ ಹೊಸ ಕಪ್ಪು ಬಣ್ಣವನ್ನು ಉಜ್ಜಿದರು. ಬಣ್ಣದ ಕೆಳಗೆ ಕೂದಲಿನಷ್ಟು ತೆಳ್ಳಗಿನ ಗೆರೆ. ಉಜ್ಜುತ್ತ ಹೋದಂತೆ ಅದು ತೊಲೆಯ ಅಡಿಯಿಂದ ಪಕ್ಕದವರೆಗೆ ಏರಿತ್ತು. ಹೆದ್ದಾರಿಯಲ್ಲಿ, ಗಂಟೆಗೆ ತೊಂಬತ್ತು ಕಿಲೋಮೀಟರ್ ವೇಗದಲ್ಲಿ ಆ ತೊಲೆ ಮುರಿದಿದ್ದರೆ? ಕಾರಿನ ಹಿಂದಿನ ಸೀಟಿನಲ್ಲಿ ಕೂರಬೇಕಾದ ಏಳು ವರ್ಷದ ಮಗಳು ಅಂಗಳದಲ್ಲಿ ಚೆಂಡಾಡುತ್ತಿದ್ದಳು. ನಮ್ಮ ಹುಡುಗ ಅವಳನ್ನೊಮ್ಮೆ ನೋಡಿ, ಏನೂ ಹೇಳದೆ ಹವಾನಿಯಂತ್ರಕದ ಚೀಟಿಯನ್ನು ಮಡಿಸಿ ಜೇಬಿಗಿಟ್ಟನು.

ಬಿರುಕು ಮುಂದುವರಿಯದಂತೆ ಅದರ ತುದಿಯಲ್ಲಿ ಸಣ್ಣ ರಂಧ್ರ ಕೊರೆದರು. ಬೆಂಕಿಯ ಕಿಡಿ ಫೈಬರ್‌ಗ್ಲಾಸಿಗೆ ತಗುಲಬಾರದೆಂದು ಮೈಯನ್ನು ಚೌಕಟ್ಟಿನಿಂದ ಬಿಡಿಸಿ ಮೇಲೆತ್ತಿ, ಬಿರುಕನ್ನು ಬೆಸೆದು, ಎರಡೂ ತೊಲೆಗಳಿಗೆ ಉಕ್ಕಿನ ಪಟ್ಟಿಯ ಆಸರೆ ಕೊಟ್ಟರು. ಅಚ್ಚನ್ನೂ ಬದಲಿಸಬೇಕಾಯಿತು. ಈ ಬಂಡಿಗೆ ಕಮಾನುಗಳಿಲ್ಲ. ಅಚ್ಚಿನ ಕೊಳವೆಯೊಳಗೆ ಅಡಕಿದ ರಬ್ಬರೇ ಹೊಡೆತವನ್ನು ನುಂಗುತ್ತದೆ. ದಶಕಗಳು ಕಳೆದಂತೆ ರಬ್ಬರು ಕಲ್ಲಾಗುತ್ತದೆ. ಆಗ ಹೊಡೆತವೆಲ್ಲ ತೊಲೆಗಳ ಪಾಲು. ಬಿರುಕಿನ ಬೇರು ಅಲ್ಲಿತ್ತು.

ಟೈರುಗಳು ಹೊಸದರಂತೆ ಕಾಣುತ್ತಿದ್ದವು. ಆದರೆ ಟೈರಿನ ಪಕ್ಕದಲ್ಲಿ ಅಚ್ಚೊತ್ತಿದ ನಾಲ್ಕು ಅಂಕಿಗಳು ಅದರ ಜಾತಕ: ಮೊದಲ ಎರಡು ತಯಾರಾದ ವಾರ, ಕೊನೆಯ ಎರಡು ವರ್ಷ. ಹೆಚ್ಚು ಓಡದೆ ನಿಂತೇ ಇರುವ ಟ್ರೇಲರಿನ ಟೈರು ಸವೆಯುವ ಮೊದಲೇ ಮುದಿಯಾಗುತ್ತದೆ. ಜಾತಕ ನೋಡಿದರೆ ಹನ್ನೊಂದು ವರ್ಷ! ಅವನ್ನೂ ಬದಲಿಸಿ, ಗಾಲಿಯ ಬೇರಿಂಗುಗಳನ್ನು ತೊಳೆದು ಹೊಸ ಗ್ರೀಸು ತುಂಬಿದರು. ನಮ್ಮ ಹಳ್ಳಿಯ ಗಾಡಿಕಾರನು ಕೀಲೆಣ್ಣೆ ಹಾಕದೆ ಊರು ಬಿಡುತ್ತಿರಲಿಲ್ಲವಷ್ಟೆ. ಆ ನೀತಿ ಇಲ್ಲಿಯೂ ಬದಲಾಗಿಲ್ಲ.

ತೂಕದ ಲೆಕ್ಕ

ಇನ್ನು ಸುಧಾರಣೆಯ ಮಾತು. ಹಳೆಯ ಬೀರುಗಳನ್ನು ಕೀಳಬೇಕೆಂಬ ಆಸೆಗೆ ನೆರೆಯವರು ಕಟ್ಟುನಿಟ್ಟಾಗಿ ಅಡ್ಡಿ ಮಾಡಿದರು. ಈ ಮೊಟ್ಟೆಗೆ ಒಳಗೆ ಬೇರೆ ಅಸ್ಥಿಪಂಜರವಿಲ್ಲ. ಬೀರುಗಳೇ ಅದರ ಕಂಬಗಳು. ಅವನ್ನು ತೆಗೆದರೆ ಚಾವಣಿ ಕುಗ್ಗಿ ಬಾಗಿಲು ಕೂರದಾಗುತ್ತದೆ. ಹವಾನಿಯಂತ್ರಕದ ತೂಕವೋ ೪೦ ಕಿಲೋದಷ್ಟು; ಅದನ್ನು ತೆಳುವಾದ ಚಾವಣಿಯ ನೆತ್ತಿಯ ಮೇಲೆ ಹೊರಿಸುವುದೆಂದರೆ ಮಗುವಿನ ತಲೆಯ ಮೇಲೆ ಕೊಡಪಾನ ಇಟ್ಟಂತೆ. ಗಾಳಿಗಿಂಡಿಯಲ್ಲಿ ಒಂದು ಫ್ಯಾನು ಕೂರಿಸಿದ್ದಾಯಿತು. ಮ್ಯಾನಿಟೋಬದ ಇರುಳಿಗೆ ಅದು ಧಾರಾಳವಾಗಿ ಸಾಕು.

ಕೆಲವು ಹೊಸತುಗಳು ಬಂಡಿಯ ಭಾರವನ್ನೇ ಇಳಿಸುತ್ತವೆ. ಹಳೆಯ ಬಲ್ಬುಗಳ ಬದಲು ಎಲ್‌ಇಡಿ ದೀಪಗಳನ್ನು ಹಾಕಿದ ಮೇಲೆ ವಿದ್ಯುತ್ತಿನ ಖರ್ಚು ತೀರ ತಗ್ಗಿತು. ಇಪ್ಪತ್ತೈದು ಕಿಲೋದಷ್ಟು ತೂಗುವ ಸೀಸದ ಬ್ಯಾಟರಿಯ ಜಾಗಕ್ಕೆ ಅದರ ಅರ್ಧದಷ್ಟೂ ತೂಗದ ಲಿಥಿಯಂ ಬ್ಯಾಟರಿ ಬಂದಿತು. ಅದಕ್ಕೆ ಉಣಿಸಲು ೧೦೦ ವ್ಯಾಟಿನ ಸೌರಫಲಕ. ಲಿಥಿಯಂ ಬ್ಯಾಟರಿಗೆ ಸೊನ್ನೆ ಡಿಗ್ರಿಗಿಂತ ಕೆಳಗೆ ವಿದ್ಯುತ್ತು ತುಂಬಬಾರದೆಂಬ ಒಂದು ನಿಯಮವನ್ನು ಮಾತ್ರ ಮರೆಯುವಂತಿಲ್ಲ. ಒಲೆಯ ಅನಿಲದ ಕೊಳವೆಯ ಕೀಲುಗಳಿಗೆಲ್ಲ ಸಾಬೂನಿನ ನೀರು ಹಚ್ಚಿ ನೊರೆಗುಳ್ಳೆ ಏಳುವುದೋ ಎಂದು ಪರೀಕ್ಷಿಸಿದರು.

ಸಾಮಾನು ತುಂಬಿದ ಮೇಲೆ ಬಂಡಿಯನ್ನು ತೂಕದ ಕಟ್ಟೆಗೆ ಒಯ್ದರು: ೬೪೦ ಕಿಲೋ. ಒಟ್ಟು ತೂಕದಲ್ಲಿ ನೂರಕ್ಕೆ ೧೦ರಿಂದ ೧೫ ಪಾಲು ಮೂಕಿಯ ಮೇಲಿರಬೇಕು. ಕಡಿಮೆಯಾದರೆ ವೇಗದಲ್ಲಿ ಬಂಡಿ ಮೀನಿನ ಬಾಲದಂತೆ ಹೊರಳಾಡುತ್ತದೆ. ಇಲ್ಲಿದ್ದುದು ಐವತ್ತೇ ಕಿಲೋ. ಅಕ್ಕಿಯ ಮೂಟೆಯನ್ನೂ ನೀರಿನ ಡಬ್ಬಿಯನ್ನೂ ಹಿಂಬದಿಯಿಂದ ಮುಂದಕ್ಕೆ ಸರಿಸಿದಾಗ ಎಪ್ಪತ್ತಾಯಿತು. ಹಾಸಿಗೆ ಇದ್ದಷ್ಟು ಕಾಲು ಚಾಚೆಂಬ ಗಾದೆಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಬೇರೊಂದಿಲ್ಲ.

ಬಯಲಿನಿಂದ ಬೆಟ್ಟಕ್ಕೆ

ಜೂನ್ ನಡುವಿನಲ್ಲಿ ನಾಲ್ವರೂ ಹೊರಟೆವು. ವಿಧ್ಯುಕ್ತವಾಗಿ ೧೯೬೨ರಲ್ಲಿ ತೆರೆದ ಟ್ರಾನ್ಸ್-ಕೆನಡಾ ಹೆದ್ದಾರಿ ಪಶ್ಚಿಮಕ್ಕೆ ದಾರದಂತೆ ನೇರ. ಎಂಬತ್ತು ಕಿಲೋಮೀಟರ್ ದಾಟಿ ಪೋರ್ಟೇಜ್ ಲಾ ಪ್ರೇರಿಯಲ್ಲಿ ನಿಂತು ಗಾಲಿಯ ನಟ್ಟುಗಳನ್ನು ಮತ್ತೊಮ್ಮೆ ಬಿಗಿದೆವು. ಗಾಲಿ ತೆಗೆದು ಹಾಕಿದ ಬಂಡಿಗೆ ಇದು ಕಡ್ಡಾಯ. ಅಲ್ಲಿಂದ ಮುಂದೆ ಯೆಲ್ಲೋಹೆಡ್ ಹೆದ್ದಾರಿ ವಾಯವ್ಯಕ್ಕೆ ಕವಲೊಡೆಯುತ್ತದೆ. ಚಳಿಗಾಲದ ಹಿಮ ರಸ್ತೆಯನ್ನು ಅಲ್ಲಲ್ಲಿ ಉಬ್ಬಿಸಿ ತಗ್ಗಿಸಿತ್ತು. ಪ್ರತಿಯೊಂದು ಕುಲುಕಿಗೂ ನಮ್ಮ ಹುಡುಗ ಕನ್ನಡಿಯಲ್ಲಿ ಹಿಂದೆ ನೋಡುತ್ತಿದ್ದನು. ಬಿಳಿಯ ಮೊಟ್ಟೆ ಒಮ್ಮೆ ತಲೆಯಾಡಿಸಿ ಸಾಧುವಾಗಿ ಹಿಂಬಾಲಿಸುತ್ತಿತ್ತು. ಕಾದಂಬರಿಕಾರ್ತಿ ಮಾರ್ಗರೆಟ್ ಲಾರೆನ್ಸ್ ೧೯೨೬ರಲ್ಲಿ ಜನಿಸಿದ ನೀಪಾವಾ ಊರಿನಲ್ಲಿ ಮಧ್ಯಾಹ್ನದ ಬುತ್ತಿ ಬಿಚ್ಚಿದೆವು. ಮಿನೆಡೋಸಾದಲ್ಲಿ ಉತ್ತರಕ್ಕೆ ತಿರುಗಿದ ಮೇಲೆ ನೆಲ ಏರತೊಡಗಿತು, ಬಯಲು ಹಿಂದುಳಿಯಿತು, ಸ್ಪ್ರೂಸ್ ಮತ್ತು ಆಸ್ಪೆನ್ ಮರಗಳ ಕಾಡು ಎದುರಾಯಿತು. ಇದೇ ರೈಡಿಂಗ್ ಮೌಂಟನ್ ರಾಷ್ಟ್ರೀಯ ಉದ್ಯಾನ. ಅದರ ದಕ್ಷಿಣದ ಅಂಚಿನಲ್ಲಿ ಹೆಸರಿಗೆ ತಕ್ಕಂತೆ ತಿಳಿಯಾದ ಕ್ಲಿಯರ್ ಸರೋವರ.

ಅಂದಿನ ರಾತ್ರಿ ಜೋರಾಗಿ ಮಳೆ ಸುರಿಯಿತು. ಎರಡು ಉರಿಯ ಒಲೆಯಲ್ಲಿ ಉಪ್ಪಿಟ್ಟು ಬೇಯುತ್ತಿತ್ತು. ಊಟದ ಮೇಜನ್ನು ಇಳಿಸಿದರೆ ಅದೇ ಮಂಚ. ಎದುರಿನ ಬೆಂಚೇ ಮೇಲಟ್ಟಣಿಗೆಯ ಹಾಸಿಗೆ. ನಾಲ್ವರು ಒಂದೇ ಸಲ ಎದ್ದು ನಿಲ್ಲಲು ಜಾಗವಿಲ್ಲ. ಒಬ್ಬರು ಸರಿದರೆ ಇನ್ನೊಬ್ಬರು ದಾರಿ ಕೊಡಬೇಕು. ಚಾವಣಿಯ ಮೇಲೆ ಮಳೆ ತಮಟೆ ಬಾರಿಸುತ್ತಿದ್ದಾಗ, ನಮ್ಮ ಹುಡುಗ ಕೈದೀಪ ಹಿಡಿದು ಏಳೂ ಜಾಗಗಳನ್ನು ಬೆರಳಿನಿಂದ ಮುಟ್ಟಿ ನೋಡಿದನು. ಎಲ್ಲವೂ ಒಣಗಿದ್ದವು. ಮಗಳು ಆಗಲೇ ನಿದ್ದೆಹೋಗಿದ್ದಳು. ಮಳೆ ನಿಂತ ಮೇಲೆ ಸರೋವರದಿಂದ ಲೂನ್ ಪಕ್ಷಿಯ ನೀಳವಾದ ಕೂಗು ಕೇಳಿಸಿತು.

ಅಕ್ಟೋಬರಿನಲ್ಲಿ ಮತ್ತೆ ಬೇರೊಂದು ಶುಶ್ರೂಷೆ: ನೀರಿನ ಕೊಳವೆಗಳನ್ನೆಲ್ಲ ಬರಿದು ಮಾಡಿ, ಹೆಪ್ಪುಗಟ್ಟದ ನಿರ್ವಿಷ ದ್ರವವನ್ನು ತುಂಬಿ, ಬ್ಯಾಟರಿಯನ್ನು ಮನೆಯೊಳಗೆ ಒಯ್ಯಬೇಕು. ಹೊಸದನ್ನು ಕೊಳ್ಳುವುದಕ್ಕೆ ಹಣವಿದ್ದರೆ ಸಾಕು. ಹಳೆಯದನ್ನು ಬಾಳಿಸುವುದಕ್ಕೆ ಅದರ ಅಡಿಯಲ್ಲಿ ಮಲಗಿ ನೋಡುವ ತಾಳ್ಮೆ ಬೇಕು. ವಿನಿಪೆಗ್ಗಿನ ಅಂಗಳಗಳಲ್ಲಿ ಪ್ರತಿ ಮೇ ತಿಂಗಳಿನಲ್ಲಿ ಒಂದು ಕಾರಿನ ಪಕ್ಕದಲ್ಲಿ ಎರಡು ಕಾಲುಗಳಷ್ಟೇ ಹೊರಗೆ ಕಾಣಿಸುತ್ತಿದ್ದರೆ, ಅಲ್ಲೊಂದು ಮೊಟ್ಟೆಮನೆ ಮತ್ತೊಂದು ಬೇಸಿಗೆಗೆ ಸಿದ್ಧವಾಗುತ್ತಿದೆಯೆಂದು ತಿಳಿಯಬಹುದು.