ಸೀರಣಿಗೆ

ಅಡಿಕೆ ಬೇಯಿಸುವ ಒಲೆ ಮುಂದೆ ರಾತ್ರಿ ಕೂತರೆ ಹಳೇ ಮಾತು ತಾನಾಗಿಯೇ ಬಾಯಿಗೆ ಬರುತ್ತದೆ. ಬೆನ್ನಿಗೆ ಚಳಿ, ಮುಖಕ್ಕೆ ಬಿಸಿ, ಹಂಡೆಯಲ್ಲಿ ಕುದಿಯುವ ಚೊಗರಿನ ವಾಸನೆ. ಮೊನ್ನೆ ಹೀಗೇ ಕೂತಿದ್ದಾಗ ತಂಗಿಯ ಮಗ ಕೆದಕಿದ: "ಮಾವ, ನೀನು ಜರ್ಮನಿ ಹುಡುಗಿಗೆ ದುಭಾಷಿ ಆಗಿದ್ಯಂತೆ, ನಿಜಾನಾ?"

ನಿಜವೇ. 2003ರ ಚಳಿಗಾಲ. ಬಿ.ಎ. ಮುಗಿಸಿ ಕೆಲಸವಿಲ್ಲದೆ ತರೀಕೆರೆಯಲ್ಲಿ ಸೈಕಲ್ ತುಳಿದುಕೊಂಡಿದ್ದೆ. ಊರಾಚೆ ಸಿಸ್ಟರುಗಳು ನಡೆಸುತ್ತಿದ್ದ ಮಕ್ಕಳ ಮನೆಗೆ ಹತ್ತೊಂಬತ್ತರ ಹುಡುಗಿಯೊಬ್ಬಳು ಮೂರು ತಿಂಗಳು ಸೇವೆ ಮಾಡಲು ಬಂದಿದ್ದಳು. ಇಂಗ್ಲಿಷ್ ಬಲ್ಲ ಸಿಸ್ಟರ್ ಹಗಲೆಲ್ಲ ಶಾಲೆಯಲ್ಲಿ. ಉಳಿದವರಿಗೆ ಅವಳ ಮಾತು ಗೊತ್ತಾಗದು, ಅವಳಿಗೆ ಇವರದ್ದು. ಹಾಗಾಗಿ ನನಗೆ ಕರೆ ಬಂತು. ನಮ್ಮ ಮನೆಯಿಂದ ಆ ಗೇಟಿಗೆ ಎರಡು ಮೈಲಿಯೂ ಇಲ್ಲ. ಅದರ ಮುಂದೆ ಸಾವಿರ ಸಲ ಹೋಗಿರಬೇಕು. ಒಳಗೆ ಕಾಲಿಟ್ಟದ್ದು ಅವತ್ತೇ ಮೊದಲು.

ನಾವು ಊರವರು ಅದನ್ನು ಅನಾಥಾಶ್ರಮ ಅಂತಲೇ ಕರೆಯುತ್ತಿದ್ದುದು. ನಾನು ಮೊದಲ ದಿನ ಹಾಗೇ ಅಂದಾಗ ದೊಡ್ಡ ಸಿಸ್ಟರ್ ತಡೆದರು. "ಯಾರಪ್ಪ ಅನಾಥರು? ಇಲ್ಲಿರೋ ಮೂವತ್ತರಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಕ್ಕಳಿಗೆ ಅಮ್ಮನೋ ಅಪ್ಪನೋ ಇದಾರೆ." ಕಡೂರು ಕಡೆಯ ಬೆದ್ದಲು ಹೊಲ ಕೈಕೊಟ್ಟು ಮಲೆನಾಡಿನ ಕಾಫಿ ತೋಟಕ್ಕೆ ಕೂಲಿಗೆ ಹೋದವರ ಮಕ್ಕಳು. ಅಜ್ಜಂಪುರದ ಕಡೆ ಈರುಳ್ಳಿ ಕೀಳಲು ಬಂದು, ಗಂಡನನ್ನು ಕಳೆದುಕೊಂಡು, ಒಂದು ಮಗುವನ್ನು ಕಂಕುಳಲ್ಲಿಟ್ಟುಕೊಂಡು ಇನ್ನೊಂದನ್ನು ಇಲ್ಲಿ ಬಿಟ್ಟುಹೋದ ತಾಯಂದಿರ ಮಕ್ಕಳು.

ಅನಾಥರಿಗೆಂದೇ ಹುಟ್ಟಿದ ಮನೆಗಳೂ ನಮ್ಮ ಸೀಮೆಯಲ್ಲಿ ಇದ್ದವು, ಅದು ಬೇರೆ ಕಾಲ. 1876ರಿಂದ 78ರವರೆಗಿನ ಬರ. ಧಾತು, ಈಶ್ವರ ಸಂವತ್ಸರಗಳ ಬರ ಅಂತ ನಮ್ಮಜ್ಜಿ ಹೇಳುತ್ತಿದ್ದಳು, ತಾನೇ ಕಂಡವಳ ಹಾಗೆ. ಮೈಸೂರು ಸಂಸ್ಥಾನದ ಐದರಲ್ಲೊಂದು ಪಾಲು ಜನ ಆ ಬರದಲ್ಲಿ ಇಲ್ಲವಾದರು. ದಿಕ್ಕಿಲ್ಲದ ಮಕ್ಕಳಿಗಾಗಿ ವೆಸ್ಲಿಯನ್ ಮಿಷನ್ನಿನವರು ಹಾಸನದಲ್ಲಿ ಹೆಣ್ಣುಮಕ್ಕಳಿಗೆ, ತುಮಕೂರಲ್ಲಿ ಗಂಡುಮಕ್ಕಳಿಗೆ ಮನೆ ನಡೆಸಿದರು. ಆಗ ಈ ನಮ್ಮ ಚಿಕ್ಕಮಗಳೂರು ಜಿಲ್ಲೆಗೆ ಕಡೂರು ಜಿಲ್ಲೆ ಅಂತಲೇ ಹೆಸರು. ಕಾಲ ಬದಲಾಯಿತು, ಜಿಲ್ಲೆಯ ಹೆಸರು ಬದಲಾಯಿತು, "ಅನಾಥ" ಅನ್ನುವ ಮಾತು ಮಾತ್ರ ನಮ್ಮ ನಾಲಗೆ ಬಿಡಲಿಲ್ಲ.

ಇರಲಿ. ಹುಡುಗಿಯ ಕಥೆ.

ಮೊದಲ ವಾರ ಮಕ್ಕಳು ಅವಳನ್ನು ಜಾತ್ರೆಯ ಬೊಂಬೆ ನೋಡಿದ ಹಾಗೆ ನೋಡಿದರು. ಅವಳ ಕೂದಲು ಜೋಳದ ತೆನೆಯ ಜುಟ್ಟಿನಂತೆ, ಅದನ್ನು ಮುಟ್ಟಲು ಸರದಿ. ಎರಡನೇ ವಾರ ಅವಳು ತಲೆ ಕೆರೆದುಕೊಳ್ಳತೊಡಗಿದಳು. ಏನೆಂದು ನನ್ನನ್ನು ಕೇಳಿದಳು. ಹೇನಿಗೆ ಇಂಗ್ಲಿಷಿನಲ್ಲಿ ಏನನ್ನುತ್ತಾರೋ ನನಗೆಲ್ಲಿ ಗೊತ್ತು? "ಸ್ಮಾಲ್ ಅನಿಮಲ್" ಅಂದುಬಿಟ್ಟೆ. ಅವಳು ಕುರ್ಚಿಯಿಂದ ನೆಗೆದು ನಿಂತಳು.

ಆಗ ಮುಂದೆ ಬಂದವಳು ಎಂಟು ವರ್ಷದ ಒಬ್ಬಳು. ಹೆಸರು ಬೇಡ, ಈಗವಳು ಎಲ್ಲೋ ಸಂಸಾರಸ್ಥೆ ಇದ್ದಾಳು. ಸೀರಣಿಗೆ ತಂದು, ಅಷ್ಟೆತ್ತರದ ಹುಡುಗಿಯನ್ನು ಜಗುಲಿ ಮೆಟ್ಟಿಲ ಮೇಲೆ ಕೂರಿಸಿ, ತಾನು ಮೇಲಿನ ಮೆಟ್ಟಿಲಿನಲ್ಲಿ ಕೂತು, ಆ ಜೋಳದ ಕೂದಲನ್ನು ಬೈತಲೆ ಬೈತಲೆಯಾಗಿ ಬಿಡಿಸಿದಳು. ಸಿಕ್ಕಿದ್ದನ್ನು ಉಗುರಿನ ಮೇಲಿಟ್ಟು ಟಿಕ್ ಅನಿಸಿದಳು. ಸುತ್ತ ನೆರೆದವರಿಗೆ ಘೋಷಿಸಿದಳು: "ಅಕ್ಕ ಈಗ ನಮ್ಮೋಳಾದ್ಲು." ನಾನು ಅದನ್ನು ಇಂಗ್ಲಿಷಿಗೆ ತಿರುಗಿಸಲು ಹೋದೆ. ಬೇಕಾಗಲಿಲ್ಲ. ಅವಳಾಗಲೇ ಕಣ್ಣುಮುಚ್ಚಿ ತಲೆಯನ್ನು ಆ ಮಗುವಿನ ಮೊಣಕಾಲಿಗೆ ಒರಗಿಸಿದ್ದಳು. ಅಲ್ಲಿಂದ ಮುಂದೆ ನನಗೆ ಕೆಲಸ ಕಡಿಮೆಯಾಗುತ್ತ ಬಂತು.

ಜನವರಿಯಲ್ಲಿ ಎಲ್ಲರನ್ನೂ ಅಮೃತಾಪುರಕ್ಕೆ ಕರೆದುಕೊಂಡು ಹೋದೆವು. ದೇವಸ್ಥಾನ ಅಂತ ಸಿಸ್ಟರ್ ಏನಾದರೂ ಅಂದಾರೆಂದು ನನಗೆ ಅಳುಕಿತ್ತು. ಅವರೇ ಎಲ್ಲರಿಗಿಂತ ಮುಂಚೆ ಬುತ್ತಿ ಕಟ್ಟಿದ್ದರು. 1196ರ ಗುಡಿ, ವೀರಬಲ್ಲಾಳನ ಕಾಲದ್ದು, ಶಾಸನದ ಪದ್ಯ ಕವಿ ಜನ್ನನದು ಅಂತ ನನ್ನ ಬಿ.ಎ. ಪಾಂಡಿತ್ಯವನ್ನೆಲ್ಲ ಸುರಿದೆ. ಒಂದು ಮಗುವೂ ಕೇಳಲಿಲ್ಲ. ಅವರೆಲ್ಲ ಮಂಟಪದ ಹೊರಗೋಡೆಗೆ ಅಂಟಿಕೊಂಡಿದ್ದರು. ಅಲ್ಲಿ ಸುತ್ತಲೂ ಕೆತ್ತಿದ ಕಥೆಗಳು: ದಕ್ಷಿಣಕ್ಕೆ ಎಪ್ಪತ್ತು ಫಲಕ ರಾಮಾಯಣ, ಅದೂ ಅಪ್ರದಕ್ಷಿಣವಾಗಿ ಸಾಗುತ್ತದೆ, ಉತ್ತರಕ್ಕೆ ಕೃಷ್ಣನದೂ ಮಹಾಭಾರತದ್ದೂ. ಸೀರಣಿಗೆಯ ಹುಡುಗಿ ಕೃಷ್ಣನ ಮುಂದೆ ನಿಂತು ಜರ್ಮನಿಯವಳಿಗೆ ಕೈಸನ್ನೆಯಲ್ಲಿ ಕಥೆ ಹೇಳುತ್ತಿದ್ದಳು. ಜೈಲಲ್ಲಿ ಒಬ್ಬಳು ಹೆತ್ತಳು, ಹೊಳೆಯಾಚೆ ಇನ್ನೊಬ್ಬಳು ಸಾಕಿದಳು. ಎರಡು ಬೆರಳೆತ್ತಿ, "ಇವನಿಗೆ ಇಬ್ರು ಅಮ್ಮಂದ್ರು" ಅಂದು ನನ್ನ ಕಡೆ ತಿರುಗಿದಳು: "ಅಣ್ಣ, ಇದೊಂದು ಸರಿಯಾಗಿ ಹೇಳು."

ಹೇಳಿದೆ. ನನ್ನ ಜನ್ಮದಲ್ಲಿ ಅಷ್ಟು ಜೋಪಾನವಾಗಿ ಇಂಗ್ಲಿಷ್ ಮಾತಾಡಿದ್ದಿಲ್ಲ.

ಅವಳು ಹೊರಟದ್ದು ಫೆಬ್ರವರಿ ಕೊನೆಗೆ. ತರೀಕೆರೆಯಿಂದ ರೈಲು, ಬೀರೂರಲ್ಲಿ ಬದಲಿಸಿ ಬೆಂಗಳೂರು. ಗೇಟಿನ ಹತ್ತಿರ ಚಿಕ್ಕವರೆಲ್ಲ ಗೋಳೋ ಅಂತ ಅತ್ತರು, ಅವಳೂ ಅತ್ತಳು. ಸೀರಣಿಗೆಯವಳು ಮಾತ್ರ ಹೊರಗೆ ಬರಲಿಲ್ಲ. ಜಗುಲಿಯಲ್ಲಿ ಎಲ್ಲರ ಚಪ್ಪಲಿಗಳನ್ನು ಜೋಡಿ ಮಾಡಿ ಇಡುತ್ತಿದ್ದಳು. ಹಿಂದೆಯೂ ಹೀಗೆ ಯಾರ್ಯಾರೋ ಬಂದು, ಮುದ್ದು ಮಾಡಿ, ಹೋಗಿದ್ದರಂತೆ. ದೂರದಿಂದ ಬಂದವರನ್ನು ಹೀಯಾಳಿಸಲು ನನಗೆ ಬಾಯಿಲ್ಲ. ಎರಡು ಮೈಲಿಯಾಚೆ ಇದ್ದವನು ಬಂದೇ ಇರಲಿಲ್ಲವಲ್ಲ. ಆದರೂ ಆ ಚಪ್ಪಲಿ ಜೋಡಿಸುವ ಕೈ ನೋಡಿದಾಗ ಸಂಕಟವಾಯಿತು. ನಾನು ಸೈಕಲ್ ಹತ್ತುವಾಗ ತಲೆ ಎತ್ತದೆಯೇ ಕೇಳಿದಳು: "ಅಣ್ಣ, ನೀನೂ ಇನ್ನು ಬರಲ್ವಾ?"

"ಬರ್ತೀನಿ" ಅಂದೆ. ಹೋಗಲು ಹನ್ನೆರಡು ದಿನ ಬೇಕಾಯಿತು. ದುಭಾಷಿಗೆ ಅಲ್ಲೇನು ಕೆಲಸ ಅಂತ ನಾಚಿಕೆ.

ಹೋದಾಗ ಅವಳು ಮೊದಲು ನನ್ನ ಹಿಂದೆ ಇನ್ನು ಯಾರಾದರೂ ಬಂದಿದ್ದಾರಾ ಅಂತ ಇಣುಕಿದಳು. ಯಾರೂ ಇಲ್ಲ. ಒಳಗೆ ಹೋಗಿ ಸೀರಣಿಗೆ ತಂದಳು.

"ಕೂತ್ಕೋ."

ಕೂತೆ. ನನ್ನ ತಲೆಯನ್ನೆಲ್ಲ ಜಾಲಾಡಿ, ಬೇಸರದಿಂದ ಸಿಸ್ಟರಿಗೆ ಕೂಗಿ ಹೇಳಿದಳು: "ಅಣ್ಣಂಗೆ ಒಂದೂ ಇಲ್ಲ!"