ರಾಮರಾಯ ಊರಬಾಗಿಲವರೆಗೆ ಹೋಗಿದ್ದರೆ?



ರೊದ್ದಂನವರಾದ ನಮಗೆ ಪೆನುಕೊಂಡ ದೂರದ ಊರಲ್ಲ. ಗಗನಮಹಲಿನ ಮುಂದೆ ಫೋಟೋ ತೆಗೆಸಿಕೊಳ್ಳದವರು ನಮ್ಮ ಗುಂಪಿನಲ್ಲೇ ಇಲ್ಲ. ಆದರೆ ವಿಜಯನಗರದ ರಾಜಧಾನಿ ಅಲ್ಲಿಗೆ ಬಂದದ್ದು ಸೋತು. 1565ರ ಜನವರಿಯಲ್ಲಿ ರಕ್ಕಸತಂಗಡಿ ಯುದ್ಧದಲ್ಲಿ ಅಳಿಯ ರಾಮರಾಯನ ತಲೆ ಉರುಳಿತು. ಅವನ ತಮ್ಮ ತಿರುಮಲ, ಹೆಸರಿಗಷ್ಟೇ ಅರಸನಾಗಿದ್ದ ಸದಾಶಿವರಾಯನನ್ನೂ ಖಜಾನೆಯನ್ನೂ ಆನೆಗಳ ಮೇಲೆ ಸಾಗಿಸಿಕೊಂಡು ಪೆನುಕೊಂಡ ಸೇರಿದ.

ಬೇರೆ ಅರಸನಿದ್ದಿದ್ದರೆ ಈ ಯುದ್ಧ ತಪ್ಪುತ್ತಿತ್ತೇ? ಭಾನುವಾರದ ಪೂಜೆ ಮುಗಿದ ಮೇಲೆ ನಾವು ಇದನ್ನೇ ಹಿಡಿದು ಕೂತಿದ್ದೆವು. ‘ಕೃಷ್ಣದೇವರಾಯ ಇದ್ದಿದ್ದರೆ’ ಎಂಬ ಮಾತು ಎಲ್ಲರ ಬಾಯಿಂದಲೂ ಮೊದಲು ಬಂತು. ನಮಗೆ ಅದು ಒಪ್ಪಿಗೆಯಾಗಲಿಲ್ಲ. 1520ರಲ್ಲಿ ರಾಯಚೂರು ಗೆದ್ದ ಮೇಲೆ, ಬಿಜಾಪುರದ ಸುಲ್ತಾನ ಬಂದು ನನ್ನ ಪಾದಕ್ಕೆ ಮುತ್ತಿಡಲಿ ಎಂದು ಹಟ ಹಿಡಿದವನು ಅದೇ ಕೃಷ್ಣದೇವರಾಯ. ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಬರೆದಿಟ್ಟಿದ್ದಾನೆ. ಗೆದ್ದ ಮೇಲೆ ಅವಮಾನಿಸುವ ಚಾಳಿ ರಾಮರಾಯನಿಂದ ಶುರುವಾದದ್ದಲ್ಲ.

ನಮಗೆ ಕಾಡುವುದು ಬೇರೆ ಘಟನೆ. ರಾಮರಾಯನ ಮಗ ತೀರಿಕೊಂಡಾಗ ಬಿಜಾಪುರದ ಅಲಿ ಆದಿಲ್ ಶಾ ನೂರೇ ಕುದುರೆ ಸವಾರರೊಂದಿಗೆ ಸಂತಾಪ ಹೇಳಲು ವಿಜಯನಗರಕ್ಕೆ ಬಂದಿದ್ದ. ರಾಮರಾಯನ ಹೆಂಡತಿ ಅವನನ್ನು ಮಗನೆಂದೇ ಕರೆದಳಂತೆ. ಆದರೆ ಹೊರಡುವಾಗ ರಾಮರಾಯ ಜೊತೆಗೆ ಬಂದು ಬೀಳ್ಕೊಡಲಿಲ್ಲ. ಅದು ಅಲಿಯ ಮನಸ್ಸಿನಲ್ಲಿ ಉಳಿಯಿತು ಎನ್ನುತ್ತಾನೆ ಇತಿಹಾಸಕಾರ ಫರಿಶ್ತಾ. (ಸಾವಿನ ಮನೆಯಿಂದ ಹೇಳದೇ ಹೊರಡುವ ಪದ್ಧತಿ ನಮ್ಮಲ್ಲೂ ಇದೆ. ರಾಮರಾಯ ಹಾಗೇ ಎಂದುಕೊಂಡನೋ ಏನೋ!) ಅಹಮದ್‌ನಗರದ ಹುಸೇನ್ ನಿಜಾಮ್ ಶಾನಿಗಂತೂ ಸಂಧಿಯ ಶರತ್ತಾಗಿ ರಾಮರಾಯನ ಕೈಯಿಂದಲೇ ವೀಳ್ಯ ತೆಗೆದುಕೊಳ್ಳಬೇಕಾಯಿತು.

ಲೂಕನ ಶುಭಸಂದೇಶದ 14ನೇ ಅಧ್ಯಾಯದಲ್ಲಿ ಯೇಸು ಒಬ್ಬ ಅರಸನ ಮಾತೆತ್ತುತ್ತಾರೆ: ಹತ್ತು ಸಾವಿರ ಜನರಿಂದ ಇಪ್ಪತ್ತು ಸಾವಿರವನ್ನು ಎದುರಿಸಬಲ್ಲೆನೇ ಎಂದು ಅವನು ಮೊದಲು ಕೂತು ಯೋಚಿಸುತ್ತಾನೆ, ಆಗದಿದ್ದರೆ ರಾಯಭಾರಿಗಳನ್ನು ಕಳಿಸುತ್ತಾನೆ. ರಾಮರಾಯನಿಗೆ ಈ ಲೆಕ್ಕವೇ ಮೋಸ ಮಾಡಿತು. ಅವನ ಸೈನ್ಯವೇ ದೊಡ್ಡದು. ರಾಯಚೂರು, ಮುದಗಲ್ಲು ಕೋಟೆಗಳನ್ನು ಮರಳಿ ಕೇಳಲು ಬಂದ ಅಲಿಯ ದೂತನನ್ನು ಓಡಿಸಿಬಿಟ್ಟ. ಅಷ್ಟರಲ್ಲಿ ಬದ್ಧವೈರಿಗಳಾಗಿದ್ದ ಅಲಿ, ಹುಸೇನ್ ಬೀಗರಾಗಿದ್ದರು. ಹುಸೇನನ ಮಗಳು ಚಾಂದಬೀಬಿ ಬಿಜಾಪುರಕ್ಕೆ ಸೊಸೆಯಾಗಿ ಬಂದಳು. ಇಬ್ಬರೂ ಕಾದಾಡುತ್ತಿದ್ದ ಸೊಲ್ಲಾಪುರ ಕೋಟೆ ವರದಕ್ಷಿಣೆಯಾಯಿತು. ಜಗಳ ಬಿಡಿಸುವ ದಾರಿ ಅವರಿಗೆ ಗೊತ್ತಿತ್ತು, ಬಳಸಿದ್ದು ಇನ್ನೊಂದು ಯುದ್ಧಕ್ಕೆ.

ಅದನ್ನು ಕೂಡಿಸಿದವನು ಗೋಲ್ಕೊಂಡದ ಇಬ್ರಾಹಿಂ ಕುತುಬ್ ಶಾ. ಅಣ್ಣನಿಗೆ ಹೆದರಿ ಓಡಿಬಂದು ಸುಮಾರು ಏಳು ವರ್ಷ ರಾಮರಾಯನ ಆಶ್ರಯದಲ್ಲೇ ಇದ್ದವನು. ತೆಲುಗು ಕವಿಗಳು ಪ್ರೀತಿಯಿಂದ ಮಲ್ಕಿಭರಾಮ ಎಂದವನು. ರಾಮರಾಯ ಮುಂದೆ ಅವನ ಕೋಟೆಗಳನ್ನೂ ಕಿತ್ತುಕೊಂಡಿದ್ದ, ಅದೂ ನಿಜ. ಆದರೂ ಎರಡೂ ಮನೆಯ ಅನ್ನ ಉಂಡಿದ್ದ ಅರಸ ಅವನೊಬ್ಬನೇ. ಅವನು ಮನಸ್ಸು ಮಾಡಿದ್ದರೆ ನಿಲ್ಲಿಸಬಹುದಿತ್ತು ಎಂದು ನಮ್ಮಲ್ಲಿ ಅರ್ಧ ಜನ. ಮನೆಯ ಯಜಮಾನನೇ ಎದ್ದು ಬಾಗಿಲವರೆಗೆ ಬರದಿದ್ದಾಗ ಉಂಡವನನ್ನು ಏಕೆ ದೂರುವುದು ಎಂದು ಇನ್ನರ್ಧ.